ಎಂಟನೇ ನಂಬರಿನ ರೇಸ್ ಕಾರು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಹುಮನಾಬಾದಿನ ಗ್ಯಾರೇಜಿನಲ್ಲಿ ಬರೆಯುವ ಕೆಲಸ’ ಎಂದಷ್ಟೇ ಹೇಳುತ್ತಿದ್ದೆ. ಪೂರ್ತಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಹಳೆಯ ಫೋಟೋ ನೋಡಿ ಅದರಲ್ಲಿರುವ ರೇಸ್ ಕಾರು ಯಾವುದು, ಯಾರು ಕಟ್ಟಿದ್ದು, ಈಗ ಯಾರದೋ ಹಿತ್ತಿಲಲ್ಲಿ ತುಕ್ಕು ಹಿಡಿದು ಬಿದ್ದಿರುವ ಕಬ್ಬಿಣ ಅದೇ ಕಾರಿನದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಕೊಡಂಬಲದ ಒಕ್ಕಲುತನದ ಮನೆಯ ಹೆಣ್ಣುಮಗಳು ಶಕುಂತಲಾಳಿಗೂ ರೇಸ್ ಕಾರಿಗೂ ಎಲ್ಲಿಯ ನಂಟು ಎಂದು ನನ್ನ ಅವ್ವನೇ ಕೊನೆಯವರೆಗೂ ನಗುತ್ತಿದ್ದಳು.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ಆ ಕುರ್ಚಿಯಲ್ಲಿ ಕೂತವರು ಆಗಾಗ ಫೋನ್ ಮಾಡಿ ಸಂಶಯ ಕೇಳುತ್ತಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಸರಿಯಾಗಿ ಹೇಳಿದ್ದನ್ನು ಅವರು ಕಡತಗಳಲ್ಲಿ ನೋಡಿಕೊಳ್ಳಬಹುದು. ತಪ್ಪು ಹೇಗಾಯಿತು ಎನ್ನುವುದು ಕಡತದಲ್ಲಿ ಇರುವುದಿಲ್ಲ.

ನಮ್ಮ ಮಾಲಕರು ವೀರಭದ್ರಪ್ಪನವರು. ಹೆದ್ದಾರಿಯ ಪಕ್ಕದ ಅವರ ದೊಡ್ಡ ಶೆಡ್ಡಿಗೆ ಹೈದರಾಬಾದಿನಿಂದ, ಪುಣೆಯಿಂದ ಶ್ರೀಮಂತರ ಹಳೆಯ ಕಾರುಗಳು ಬರುತ್ತಿದ್ದವು. ಅವನ್ನು ಮೊದಲಿದ್ದಂತೆ ಮಾಡಿ ಕೊಡುವುದು ನಮ್ಮ ದಂಧೆ. ನಾನು ಸೇರಿದ್ದು ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಆದರೆ ಕೆಲವೇ ವರ್ಷಗಳಲ್ಲಿ ರೇಸ್ ಕಾರುಗಳನ್ನು ಹುಡುಕಿಕೊಂಡು ಜನ ಬರತೊಡಗಿದರು. ಮಡ್‌ಗಾರ್ಡ್ ಇಲ್ಲದ, ನಾಲ್ಕೂ ಗಾಲಿ ಹೊರಗೆ ಕಾಣುವ, ಒಬ್ಬನೇ ಕೂಡುವ ಉದ್ದನೆಯ ಕಾರುಗಳು ಅವು. ಹಿಂದೊಮ್ಮೆ ನಮ್ಮ ದೇಶದ ಹಳೆಯ ವಿಮಾನಪಟ್ಟಿಗಳ ಮೇಲೆ ಅವು ಓಡುತ್ತಿದ್ದವು. ಬಹಳಷ್ಟನ್ನು ಸಣ್ಣಪುಟ್ಟ ಗ್ಯಾರೇಜಿನವರೇ ಅಂಬಾಸಿಡರಿನದೋ ಹೆರಾಲ್ಡಿನದೋ ಭಾಗಗಳನ್ನು ಜೋಡಿಸಿ ಕಟ್ಟಿದ್ದರು. ರಸ್ತೆಯ ಕಾರಿಗೆ ಇರುವಂತೆ ಅವುಗಳಿಗೆ ನೋಂದಣಿ ಇಲ್ಲ, ಪುಸ್ತಕ ಇಲ್ಲ. ಉಳಿದ ದಾಖಲೆ ಎಂದರೆ ಫೋಟೋ ಒಂದೇ. ಆ ಫೋಟೋಗಳನ್ನು ಜೋಡಿಸಿಡುವವಳು ನಾನು. ಜೋಡಿಸುತ್ತಾ ಜೋಡಿಸುತ್ತಾ ನೋಡಲು ಕಲಿತೆ.

ಮೊದಲ ಪಾಠ ಹೇಳಿದವರು ಮಾಲಕರೇ. ಒಂದು ದಿನ ನಾನು ಕಾರಿನ ಮೂತಿ ನೋಡಿ ಹೆಸರು ಹೇಳಿದೆ. ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು:

“ಶಕುಂತಲಾ, ಮೂತಿ ನಂಬಬ್ಯಾಡ. ರೇಸಿನಾಗ ಬಡಿದ ಕಾರಿಗಿ ಮುಂದಿನ ವಾರ ಹೊಸಾ ಮೂತಿ ಬರ್ತದ. ಗಾಲಿ ನೋಡು. ಗಾಲಿ ಹಿಡಕೊಂಡಿರೋ ಕಬ್ಬಿಣದ ಕೈ ನೋಡು. ಅವು ಲಗೂ ಬದಲಾಗಂಗಿಲ್ಲ.”

ಆ ಮಾತು ಇವತ್ತಿಗೂ ನಿಜ. ಗಾಲಿಗೆ ಎಷ್ಟು ಬೋಲ್ಟು, ಮುಂದಿನ ಅಡ್ಡಪಟ್ಟಿಯಲ್ಲಿ ಎಷ್ಟು ತೂತು, ಬಾನೆಟ್ಟಿನ ಮೇಲೆ ಗಾಳಿಗೆಂದು ಸೀಳಿದ ಗೀರು ಎಷ್ಟು, ಸೈಲೆನ್ಸರ್ ಪೈಪು ಯಾವ ಕಡೆಗೆ ಹೊರಬಂದಿದೆ ಎಂದು ನಾನು ಎಣಿಸಿ ಬರೆಯುತ್ತಿದ್ದೆ. ಗಾಲಿಯ ಎತ್ತರವನ್ನು ಅಳತೆಗೋಲು ಮಾಡಿಕೊಂಡು ಕಾರಿನ ಉದ್ದ ಲೆಕ್ಕ ಹಾಕುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದ ಕಣ್ಣು ನನ್ನದು. ಅದು ಇಲ್ಲಿ ಕೆಲಸಕ್ಕೆ ಬಂತು.

ನಗು ಬರುವ ಪ್ರಸಂಗಗಳೂ ಇದ್ದವು. ಮುಡಬಿಯಿಂದ ಒಬ್ಬರು ಚೌಕಟ್ಟು ಹಾಕಿಸಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ತಲೆಗೆ ಪಟಗ ಸುತ್ತಿದ ಅವರ ಅಜ್ಜ ರೇಸ್ ಕಾರಿನಲ್ಲಿ ಕೂತಿದ್ದರು. ಮನೆಯಲ್ಲಿ ಮೂರು ತಲೆಮಾರು ‘ಅಜ್ಜ ರೇಸ್ ಹೊಡೀತಿದ್ದ’ ಎಂದು ಹೇಳಿಕೊಂಡು ಬಂದಿದ್ದರಂತೆ. ನಾನು ಬಹಳ ಹೊತ್ತು ನೋಡಿದೆ. ಗಾಲಿ ನೆಲಕ್ಕೆ ತಾಗಿದ ಕಡೆ ನೆರಳೇ ಇರಲಿಲ್ಲ. ಕಾರಿನ ಕೆಳಗಿನಿಂದ ಅಜ್ಜನ ಚಪ್ಪಲಿ ಕಾಣುತ್ತಿತ್ತು. ಹಿಂದಿನ ಕಾಲದ ಸ್ಟುಡಿಯೋಗಳಲ್ಲಿ ರಟ್ಟಿನ ಮೇಲೆ ಕಾರು, ವಿಮಾನ ಬರೆದು ಅದರ ಹಿಂದೆ ಜನರನ್ನು ನಿಲ್ಲಿಸುತ್ತಿದ್ದರು. ಇದೂ ಅದೇ. ಹೇಗೆ ಹೇಳುವುದೆಂದು ಒದ್ದಾಡಿ ಕೊನೆಗೆ ಹೇಳಿದೆ. ಬಂದವರು ಫೋಟೋವನ್ನು ಮತ್ತೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ನನಗ ಮೊದಲೇ ಡೌಟ್ ಇತ್ರಿ ಅಕ್ಕೋರ. ನಮ್ಮ ಅಜ್ಜಗ ಎತ್ತಿನ ಬಂಡೀನೂ ನೆಟ್ಟಗ ಹೊಡೀಲಾಕ ಬರ್ತಿದ್ದಿಲ್ಲಂತ!”

ಎಲ್ಲ ಸಲ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ.

ಪುಣೆಯಲ್ಲಿ ಸುಲಭಾತಾಯಿ ಎಂಬ ಶಿಕ್ಷಕಿ ಇದ್ದರು. ಅವರ ತಂದೆ ಯೌವನದಲ್ಲಿ ರೇಸ್ ಓಡಿಸುತ್ತಿದ್ದರು. ತಂದೆ ಓಡಿಸಿದ ಕಾರು ಎಲ್ಲಿಯಾದರೂ ಉಳಿದಿದ್ದರೆ ಹುಡುಕಿಕೊಡಿ ಎಂದು ಒಂದು ಫೋಟೋ ಕಳಿಸಿದರು. ಬಿಳಿಯ ದುಂಡು ಬೊಟ್ಟಿನಲ್ಲಿ ‘8’ ಎಂದು ಬರೆದ ಕಾರು. ಅದರಲ್ಲಿ ತಲೆಗೆ ಚರ್ಮದ ಟೋಪಿ ಹಾಕಿಕೊಂಡ ಅವರ ತಂದೆ. ಹಿಂದಿನಿಂದ ಒಬ್ಬಾತ ಬಗ್ಗಿ ಕಾರು ನೂಕುತ್ತಿದ್ದ. ಅವನ ಮುಖ ತೋಳಿನ ಮರೆಯಲ್ಲಿತ್ತು.

ಈ ಫೋಟೋದ ಸುದ್ದಿ ಬಸವಕಲ್ಯಾಣದ ಹತ್ತಿರ ಹೆದ್ದಾರಿಯಲ್ಲಿರುವ ಲಾರಿ ಬಾಡಿ ಕಟ್ಟುವವರ ಆಟೋನಗರಕ್ಕೆ ಮುಟ್ಟಿತು. ಅಲ್ಲಿಂದ ಖಾಜಾಮಿಯಾ ಎಂಬ ಹಿರಿಯ ಫಿಟ್ಟರ್ ನಮ್ಮಲ್ಲಿಗೆ ಬಂದರು. ಆಗಲೇ ಅರವತ್ತರ ಆಸುಪಾಸು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಹೈದರಾಬಾದಿನ ಗ್ಯಾರೇಜೊಂದರಲ್ಲಿದ್ದಾಗ ಆ ಕಾರಿನ ಚಾಸಿಯನ್ನು, ಅಂದರೆ ಕಾರಿನ ಕಬ್ಬಿಣದ ಎಲುಬುಗೂಡನ್ನು, ತಾನೇ ಕಟ್ಟಿದ್ದಾಗಿ ಹೇಳಿದರು. ಗ್ಯಾರೇಜು ಮುಚ್ಚಿದಾಗ ಅದನ್ನು ಕೇಳಿ ತಂದು ಮನೆಯ ಹಿಂದೆ ಇಟ್ಟುಕೊಂಡಿದ್ದರಂತೆ.

ಮಾಲಕರು ನನ್ನನ್ನು ಬಸವಕಲ್ಯಾಣಕ್ಕೆ ಕಳಿಸಿದರು. ಚಾಚಾನ ಹಿತ್ತಿಲಲ್ಲಿ ಕೂತು ಅರ್ಧ ದಿನ ಅಳೆದೆ. ಅಡ್ಡಪಟ್ಟಿಯ ಐದು ತೂತು ಹೊಂದಿದವು. ಉದ್ದ ಹೊಂದಿತು. ಗಾಲಿಯ ಕೈಗಳು ಹೊಂದಿದವು. ಆದರೆ ಫೋಟೋದಲ್ಲಿ ಸೈಲೆನ್ಸರ್ ಪೈಪು ಎಡಕ್ಕಿತ್ತು. ಚಾಸಿಯಲ್ಲಿ ಅದನ್ನು ಹಿಡಿಯುವ ಕೊಂಡಿಗಳು ಬಲಕ್ಕಿದ್ದವು. ಫೋಟೋದಲ್ಲಿ ಕನ್ನಡಿ ಬಲಕ್ಕಿತ್ತು. ಚಾಸಿಯಲ್ಲಿ ಕನ್ನಡಿಯ ಕಾಲು ಎಡಕ್ಕಿತ್ತು.

“ಚಾಚಾ, ಪೈಪು ಯಾವ ಕಡೆ ಇತ್ರಿ?” ಎಂದು ಕೇಳಿದೆ.

“ಬಲಕ್ಕ. ಈ ಕೈಲೇ ವೆಲ್ಡಿಂಗ್ ಮಾಡೀನಿ ಬಾಯೋರ.”

“ಫೋಟೋದಾಗ ಎಡಕ್ಕ ಅದಲ್ರಿ.”

ಅವರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಆಗಲೇ ಅವರಿಗೆ ದೃಷ್ಟಿ ಮಂದವಾಗಿತ್ತು. “ಅದು ಹ್ಯಾಂಗ ಆತೋ ನನಗ ತಿಳಿವಲ್ದು. ಖರೇ ಹೇಳಾಕತ್ತೇನಿ, ಬಲಕ್ಕ ಇತ್ತು” ಎಂದರು.

ನಾನು ವರದಿ ಬರೆದೆ. ‘ಈ ಚಾಸಿ ಫೋಟೋದಲ್ಲಿರುವ ಕಾರಿನದಲ್ಲ. ಇದು ಅದೇ ಮಾದರಿಯ ಇನ್ನೊಂದು ಕಾರಿನದು ಇರಬಹುದು.’ ಕೆಳಗೆ ನನ್ನ ಸಹಿ. ಮಾಲಕರು ಓದಿ, “ಸಾಫ್ ಬರದೀ” ಎಂದು ಮೆಚ್ಚಿದರು. ಆ ಮೆಚ್ಚುಗೆ ನನಗೆ ಹಿಗ್ಗು ತಂದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಸುಲಭಾತಾಯಿ ಧನ್ಯವಾದ ಹೇಳಿ ಪತ್ರ ಬರೆದರು. ನನ್ನ ಮಟ್ಟಿಗೆ ಅದು ಮುಗಿದ ಕೆಲಸ. ಆದರೆ ಆಟೋನಗರದಲ್ಲಿ ಅದು ಮುಗಿಯಲಿಲ್ಲ. ಕೆಲವು ತಿಂಗಳ ಮೇಲೆ ಅಲ್ಲಿಯ ಪೇಂಟರ್ ಒಬ್ಬ ನಮ್ಮಲ್ಲಿಗೆ ಬಂದಾಗ ಹೇಳಿದ. ಚಹಾದ ಹೋಟೆಲಿನಲ್ಲಿ ಚಾಚಾನನ್ನು ಕಂಡವರೆಲ್ಲ “ಏನ್ ಚಾಚಾ, ರೇಸ್ ಕಾರ್ ಎಲ್ಲಿ ನಿಲ್ಲಿಸೀರಿ?” ಎಂದು ಕಿಚಾಯಿಸುತ್ತಿದ್ದರಂತೆ. ನಲವತ್ತು ವರ್ಷ ಅವರು ಹೇಳಿದ್ದ ಕತೆಗಳೆಲ್ಲ ಸುಳ್ಳೆಂದು ನಕ್ಕರಂತೆ. ಆಮೇಲೆ ಅವರು ಹೋಟೆಲಿಗೆ ಬರುವುದನ್ನೇ ಬಿಟ್ಟರಂತೆ. ಕೇಳಿ ಕೆಡುಕೆನಿಸಿತು. ಆದರೆ ಸಂಶಯ ಬರಲಿಲ್ಲ. ಫೋಟೋ ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿದ್ದೆ.

ಈ ನಡುವೆ ಕೆಲಸದ ರೀತಿ ಬದಲಾಯಿತು. ಭೂತಗನ್ನಡಿ ಪೆಟ್ಟಿಗೆ ಸೇರಿತು. ಸ್ಕ್ಯಾನ್ ಮಾಡಿದ ಫೋಟೋಗಳು ಫೋನಿಗೇ ಬರತೊಡಗಿದವು. ಎರಡು ಬೆರಳಲ್ಲಿ ಹಿಗ್ಗಿಸಿದರೆ ಬೋಲ್ಟು ಕಾಣುತ್ತಿತ್ತು. ಸುಖವಾಯಿತು ಎಂದುಕೊಳ್ಳುವಷ್ಟರಲ್ಲಿ ಹೊಸ ಫಜೀತಿ ಶುರುವಾಯಿತು. ಒಂದು ಕಾರಿನ ಗಾಲಿಗೆ ಆರು ಬೋಲ್ಟು ಎಣಿಸಿದೆ. ಅಂಥ ಗಾಲಿ ಆ ಕಾಲದಲ್ಲಿ ನಾನು ಕಂಡಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ವಿಚಾರಿಸಿದರೆ, ಕಳಿಸಿದವರು ಮಸುಕಾದ ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟು ‘ಸ್ವಚ್ಛ’ ಮಾಡಿಸಿದ್ದರು. ಕಾಣದ ಕಡೆ ಅದು ತನಗೆ ತೋಚಿದಂತೆ ಬೋಲ್ಟು ಬರೆದಿತ್ತು. ಅಂದಿನಿಂದ ನಾನು ಮಸುಕಾದದ್ದನ್ನು ಮಸುಕಾಗಿಯೇ ಕಳಿಸಿ ಎಂದು ಕೇಳಿಕೊಳ್ಳುತ್ತಿದ್ದೆ. ಕಾಣುವುದಿಲ್ಲ ಎಂದು ಬರೆಯುವುದಕ್ಕೆ ನಾಚಿಕೆಪಡಬೇಡಿ. ಇದನ್ನು ನಾನು ತಡವಾಗಿ ಕಲಿತೆ.

ಚಾಚಾನ ವರದಿ ಬರೆದು ಒಂಬತ್ತು ವರ್ಷವಾಗಿತ್ತು. ಒಂದು ಮಧ್ಯಾಹ್ನ ಸುಲಭಾತಾಯಿಯಿಂದ ಒಂದಿಷ್ಟು ಚಿತ್ರ ಬಂದವು. ಮನೆ ಬದಲಿಸುವಾಗ ತಂದೆಯ ಟ್ರಂಕಿನಲ್ಲಿ ಹಳೆಯ ನೆಗೆಟಿವ್ ಸಿಕ್ಕವಂತೆ. ಅವನ್ನು ಸ್ಕ್ಯಾನ್ ಮಾಡಿಸಿ, ಇವು ಯಾವ ಕಾರು ಎಂದು ಕೇಳಿದ್ದರು. ಅವುಗಳಲ್ಲಿ ಒಂದು, ಎಂಟನೇ ನಂಬರಿನ ಕಾರು. ಅದೇ ಚರ್ಮದ ಟೋಪಿ, ಹಿಂದೆ ನೂಕುವ ಅದೇ ಮನುಷ್ಯ. ಆದರೆ ಸೈಲೆನ್ಸರ್ ಪೈಪು ಬಲಕ್ಕಿತ್ತು.

ಮೊದಲು ಇದು ಇನ್ನೊಂದು ಕಾರು ಎಂದುಕೊಂಡೆ. ಚಾಚಾನ ಬಳಿ ಇರುವುದು ಇದೇ ಇರಬೇಕು ಎಂದೂ ಅನಿಸಿತು. ಹಳೆಯ ಫೋಟೋ ತೆಗೆದು ಪಕ್ಕದಲ್ಲಿಟ್ಟೆ. ಎಲ್ಲವೂ ಒಂದೇ, ಆದರೆ ಎಲ್ಲವೂ ತಿರುಗುಮುರುಗು. ಆಗ ನನ್ನ ಕಣ್ಣು ನೂಕುವವನ ಅಂಗಿಯ ಮೇಲೆ ಹೋಯಿತು. ಹೊಸ ಚಿತ್ರದಲ್ಲಿ ಅವನ ಕಿಸೆ ಎಡಗಡೆ ಎದೆಯ ಮೇಲಿತ್ತು, ಎಲ್ಲ ಗಂಡಸರ ಅಂಗಿಯಲ್ಲಿ ಇರುವಂತೆ. ಹಳೆಯ ಫೋಟೋದಲ್ಲಿ ಕಿಸೆ ಬಲಕ್ಕಿತ್ತು.

ಎರಡು ಕಾರು ಇರಲಿಲ್ಲ. ಇದ್ದದ್ದು ಒಂದೇ ಫೋಟೋ. ಹಿಂದೆ ಯಾರೋ ಪ್ರಿಂಟ್ ಹಾಕುವಾಗ ನೆಗೆಟಿವನ್ನು ಬೋರಲು ಇಟ್ಟುಬಿಟ್ಟಿದ್ದರು. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಹೊಸ ಚಿತ್ರದಲ್ಲಿ ನೆಗೆಟಿವಿನ ಅಂಚಿನ ಅಂಕಿಗಳು ನೆಟ್ಟಗಿದ್ದವು. ಹಾಗಾಗಿ ಅದೇ ನಿಜ. ರಸ್ತೆಯ ಕಾರಾಗಿದ್ದರೆ ಸ್ಟೇರಿಂಗ್ ಎಡಕ್ಕೆ ಬಂದದ್ದು ಕಂಡು ಅಂದೇ ತಿಳಿಯುತ್ತಿತ್ತು. ಒಂಟಿ ಸೀಟಿನ ರೇಸ್ ಕಾರಿನಲ್ಲಿ ಓಡಿಸುವವ ನಟ್ಟನಡುವೆ ಕೂಡುತ್ತಾನೆ. ನಂಬರು ಏಳೋ ಐದೋ ಆಗಿದ್ದರೂ ತಿಳಿಯುತ್ತಿತ್ತು. ಎಂಟು ಹೇಗೆ ತಿರುಗಿಸಿದರೂ ಎಂಟೇ.

ಆದರೂ ನನಗೆ ತಿಳಿಯಬೇಕಿತ್ತು. ಹೊಂದದೆ ಹೋದ ಎರಡೂ ಗುರುತು ಒಂದೇ ಜಾತಿಯವು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತಪ್ಪುಗಳು ಹೀಗೆ ಒಂದೇ ದಿಕ್ಕಿನಲ್ಲಿ ಬಂದರೆ ಕಾರನ್ನು ಬಿಟ್ಟು ಫೋಟೋವನ್ನೇ ಸಂಶಯಿಸಬೇಕು. ನಾನು ಗಾಲಿ ನೋಡಿದೆ, ಪೈಪು ನೋಡಿದೆ. ಕಾರು ನೂಕುತ್ತಿದ್ದ ಮನುಷ್ಯನನ್ನು ಒಮ್ಮೆಯೂ ನೋಡಿರಲಿಲ್ಲ.

ಎರಡೂ ಚಿತ್ರ ತೆಗೆದುಕೊಂಡು ಮಾಲಕರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಒಂಬತ್ತ ವರ್ಷ ಆತಲ್ಲ ಶಕುಂತಲಾ. ಈಗ ಯಾರ್ ಕೇಳ್ತಾರ?”

“ಯಾರೂ ಕೇಳಂಗಿಲ್ರಿ. ಆದ್ರ ಆ ಕಾಗದದ ಮ್ಯಾಲ ನನ್ನ ಸಹಿ ಅದ.”

ಅವರು ಎರಡೂ ಚಿತ್ರಗಳನ್ನು ಪಕ್ಕಪಕ್ಕಕ್ಕೆ ಸರಿಸಿ ಮತ್ತೆ ನೋಡಿದರು. ನಮ್ಮ ಶೆಡ್ಡು ನಡೆಯುತ್ತಿದ್ದದ್ದೇ ನಮ್ಮ ಮಾತಿನ ಮೇಲಿನ ನಂಬಿಕೆಯಿಂದ. ಒಂದು ವರದಿ ಸುಳ್ಳೆಂದರೆ ಉಳಿದವನ್ನೂ ಜನ ಕೆದಕುತ್ತಾರೆ. ಮಾಲಕರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಕೆಲಸ ಬಿಡಿಸಿದರೂ ಬಿಡಿಸಬಹುದು ಎಂದುಕೊಂಡೆ. ಅವರು ಹೇಳಿದ್ದು ಬೇರೆಯೇ.

“ಹೊಸಾ ವರದಿ ಬರಿ. ಆದ್ರ ಟಪಾಲಿಗಿ ಹಾಕಬ್ಯಾಡ. ನೀನೇ ಹೋಗಿ ಅವರ ಕೈಯಾಗ ಕೊಡು. ನಾನೂ ಅದನ್ನ ಓದಿ ಚಲೋ ಅದ ಅಂದಿದ್ದೆ, ನನ್ನ ಸಹೀನೂ ಇರ್ಲಿ.”

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ತಿರುಗುವ ಬಂಗ್ಲಾ ಕ್ರಾಸಿನಲ್ಲಿ ಇಳಿದು ಆಟೋ ಹಿಡಿದೆ. ಚಾಚಾನಿಗೆ ಎಪ್ಪತ್ತರ ಹತ್ತಿರವಾಗಿರಬೇಕು. ಇದ್ದಾರೋ ಇಲ್ಲವೋ ಎಂದು ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ. ಓಣಿಯ ತಿರುವಿನಲ್ಲಿ ಇಳಿದು ನೋಡಿದರೆ ಅವರ ಮನೆಯ ಬಾಗಿಲ ಮುಂದೆ ಹತ್ತಿಪ್ಪತ್ತು ಜೊತೆ ಚಪ್ಪಲಿ. ಅಲ್ಲೇ ನಿಂತೆ. ತಡವಾಯಿತು ಎಂದುಕೊಂಡೆ. ಚೀಲದಲ್ಲಿದ್ದ ಕಾಗದ ಏಕಾಏಕಿ ಭಾರವಾದಂತಾಯಿತು.

ಒಳಗಿನಿಂದ ಯಾರೋ ಜೋರಾಗಿ ನಕ್ಕರು. ಸತ್ತ ಮನೆಯಲ್ಲಿ ಹೀಗೆ ನಗುವುದಿಲ್ಲ. ಹೊಸ್ತಿಲ ಹತ್ತಿರ ಹೋದೆ. ಚಾಚಾ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆ. ಎರಡು ದಿನದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಓಣಿಯವರು ನೋಡಲು ಬಂದಿದ್ದರು.

ಅವರ ಹೆಂಡತಿ ಮಹಬೂಬಿ ನನ್ನನ್ನು ಗುರುತಿಸಿದರು. ಮುಖ ಗಂಟಿಕ್ಕಿತು. “ಈಗ ಮತ್ತ ಏನ್ ಅಳೀಲಾಕ ಬಂದೀರಿ?” ಎಂದರು.

“ಅಳೀಲಾಕ ಬಂದಿಲ್ರಿ. ತಪ್ಪು ಒಪ್ಪಿಕೊಳ್ಳಾಕ ಬಂದೀನಿ.”

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಮಂಚದ ಪಕ್ಕ ಕೂತು ನಡೆದದ್ದೆಲ್ಲ ಹೇಳಿದೆ. ಹೊಸ ವರದಿಯನ್ನು ಓದಿ ಕೊಟ್ಟು, ನೆಗೆಟಿವಿನಿಂದ ತೆಗೆದ ಚಿತ್ರವನ್ನು ಅವರ ಕೈಗಿತ್ತೆ. ಅವರು ಮೊದಲೇ ಪೊರೆ ತೆಗೆಸಿದ್ದ ಇನ್ನೊಂದು ಕಣ್ಣನ್ನು ಕಿರಿದು ಮಾಡಿ ನೋಡಿದರು. ಹೆಬ್ಬೆರಳು ಕಾರಿನ ಮೇಲಿಂದ ನಿಧಾನವಾಗಿ ಹಿಂದಕ್ಕೆ ಸರಿದು, ನೂಕುವವನ ಮೇಲೆ ನಿಂತಿತು.

“ಕಿಸೆದಾಗ ಬೋಲ್ಟ್ ತಿರುವೋ ಪಾನಾ ಅದ ನೋಡ್ರಿ. ಇದು ನಾನ” ಎಂದರು.

ಮಹಬೂಬಿ ಬಗ್ಗಿ ನೋಡಿದರು. “ಹೌದು. ಈ ಅಂಗಿ ಹರಿದ ಮ್ಯಾಲ ನಾನ ಕೌದಿಗಿ ಹಚ್ಚಿ ಹೊಲಿದೀನಿ” ಎಂದರು.

ಅವರ ಮಾತನ್ನು ಸುಳ್ಳು ಮಾಡಲು ನಾನು ಯಾವ ಫೋಟೋ ಮುಂದೆ ಹಿಡಿದಿದ್ದೆನೋ ಅದರಲ್ಲೇ ಅವರು ಇದ್ದರು.

“ಆವತ್ತು ಕಣ್ಣು ಸರಿ ಇದ್ದಿದ್ರ ನಾನೇ ತೋರಸ್ತಿದ್ದೆ” ಎಂದರು ಚಾಚಾ. ಚಿತ್ರವನ್ನು ದಿಂಬಿನ ಮೇಲಿಟ್ಟು, “ಆದ್ರ ಬಾಯೋರ, ನೀವು ಕಾಗದ ನಂಬಿದ್ರಿ, ಮನಷ್ಯಾಗ ನಂಬಲಿಲ್ಲ. ಅದು ಭಾಳ ಕಡೀತು” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

“ಚಾಸಿ ಏನಾತ್ರಿ ಚಾಚಾ?” ಕೊನೆಗೂ ಕೇಳಿದೆ. ಹಳೆಯ ಕಬ್ಬಿಣ ಕೊಳ್ಳುವವರು ಆ ಓಣಿಯಲ್ಲಿ ವಾರಕ್ಕೊಮ್ಮೆ ತಿರುಗುತ್ತಾರೆ ಎಂದು ನನಗೆ ಗೊತ್ತಿತ್ತು.

“ನಾ ಅಂತೂ ಕೊಟ್ಟ ಬಿಡ್ತಿದ್ದೆ. ನೋಡಿದಷ್ಟೂ ಹೊಟ್ಟಿ ಉರೀತಿತ್ತು. ಇಕಿ ಬಿಡಲಿಲ್ಲ.”

ಮಹಬೂಬಿ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಚಾಸಿಯನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿಸಿದ್ದರು. ಎಲೆ ಸರಿಸಿ ನೋಡಿದೆ. ಐದು ತೂತಿನ ಅಡ್ಡಪಟ್ಟಿ, ಬಲಗಡೆಯ ಎರಡು ಕೊಂಡಿ, ಎಲ್ಲವೂ ಇದ್ದವು. “ಎರಡ ಸಲ ತಕ್ಕಡಿ ತಂದಿದ್ರು. ಕಾಯಿ ಬಿಡಾಕತ್ತದ, ಮುಟ್ಟಬ್ಯಾಡ್ರಿ ಅಂದೆ” ಎಂದರು ಅವರು. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅವರು ನೀರು ತಂದು ಕೊಟ್ಟರು. ಹೊರಡುವಾಗ ಒಂದು ಸೆರಗು ತೊಂಡೆಕಾಯಿಯನ್ನೂ ಕಟ್ಟಿಕೊಟ್ಟರು.

ಹಿಂದಿನ ದಿನವೇ ಸುಲಭಾತಾಯಿಗೆ ಎಲ್ಲ ಬರೆದಿದ್ದೆ. ಮೂರು ವಾರದಲ್ಲಿ ಅವರು ಪುಣೆಯಿಂದ ಬಂದರು. ಹಿತ್ತಿಲಿಗೆ ಹೋಗಿ, ಕುಡಿಗಳನ್ನು ಸರಿಸಿ, ಆ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಪ್ಪ ಕಾರಿನಲ್ಲಿ ಹೇಗಿದ್ದರು ಎಂದು ಚಾಚಾನನ್ನು ಮರಾಠಿಯಲ್ಲಿ ಕೇಳಿದರು. ಓಡುವ ಮೊದಲು ಅವರು ಬಹಳ ಬೆವರುತ್ತಿದ್ದರು, ಓಟ ಮುಗಿದ ಮೇಲೆ ಮೊದಲು ತನಗೆ ನೀರು ಕೊಟ್ಟು ಆಮೇಲೆ ತಾವು ಕುಡಿಯುತ್ತಿದ್ದರು ಎಂದು ಚಾಚಾ ಹೇಳಿದರು. ಕಾರನ್ನು ನಮ್ಮ ಶೆಡ್ಡಿನಲ್ಲಿ ಮತ್ತೆ ಕಟ್ಟುವುದು, ಚಾಚಾ ಬಂದು ಕೂತು ಹೇಳಿಕೊಡುವುದು, ಮೂತಿಯ ಮೇಲೆ ಚಾಚಾನ ಹೆಸರು ಬರೆಸುವುದು ಎಂದು ಮಾತಾಯಿತು.

ಚಾಸಿಯನ್ನು ಸಾಗಿಸುವ ದಿನ ಬೆಳಿಗ್ಗೆ ನಮ್ಮ ಗಾಡಿ ಆಟೋನಗರದ ಮುಂದೆ ಬಂದಾಗ, ಮುಂದೆ ಕೂತಿದ್ದ ಚಾಚಾ ಹೋಟೆಲಿನ ಎದುರು ನಿಲ್ಲಿಸಲು ಹೇಳಿದರು. ಒಂಬತ್ತು ವರ್ಷದ ಮೇಲೆ ಅಲ್ಲಿಗೆ ಇಳಿದರು. ಲಾರಿಯವರು, ಪೇಂಟರುಗಳು, ವೆಲ್ಡರುಗಳು ಕೈಯಲ್ಲಿ ಗ್ಲಾಸು ಹಿಡಿದು ಗಾಡಿಯ ಸುತ್ತ ನೆರೆದರು. ಒಳಗೆ ಬೆಂಚಿನ ಮೇಲೆ ಚಾಚಾನಿಗೂ ನನಗೂ ಜಾಗ ಬಿಟ್ಟರು. ಅವರು ಕೂತು, ನನ್ನ ಕಡೆ ನೋಡಿ, “ಆ ಕಾಗದ ಓದ್ರಿ ಬಾಯೋರ” ಎಂದರು.

ನಾನು ಚೀಲದಿಂದ ಹೊಸ ವರದಿಯ ನನ್ನ ಪ್ರತಿ ತೆಗೆದೆ. ಚಾಚಾ ನನ್ನ ಕಡೆಗೆ ಬಾಗಿ ಮೆಲ್ಲಗೆ ಹೇಳಿದರು:

“ಮೊದಲಿನ ಸಾಲು ಬಿಡ್ರಿ. ತಪ್ಪಾತು ಅಂತ ನೀವು ಮನಿಗಿ ಬಂದು ಹೇಳೀರಿ, ಅಷ್ಟ ಸಾಕು. ನನ್ನ ಹೆಸರಿಂದ ಶುರು ಮಾಡ್ರಿ.”

ನನಗೆ ಅಷ್ಟು ದೊಡ್ಡ ಉಪಕಾರವನ್ನು ಈ ಕೆಲಸದಲ್ಲಿ ಬೇರೆ ಯಾರೂ ಮಾಡಿಲ್ಲ. ಆದರೆ ಅವರನ್ನು ನೋಡಿ ನಕ್ಕವರೆಲ್ಲ ಅಲ್ಲೇ ನಿಂತಿದ್ದರು.

ಎದ್ದು ನಿಂತೆ. ‘ಶಕುಂತಲಾ ಎಂಬ ನಾನು ಈ ಹಿಂದೆ ಬರೆದ ವರದಿ ತಪ್ಪು’ ಎಂಬ ಮೊದಲ ಸಾಲಿನಿಂದಲೇ, ಹಿಂದೆ ನಿಂತವರಿಗೂ ಕೇಳುವಂತೆ ಓದಿದೆ.